ಮೂವತ್ತೆರಡು ತಲೆ, ಬರೋಬರಿ

ಕಾಗವಾಡದ ತವನಪ್ಪನವರಿಗೆ ಜಗತ್ತಿನ ಎಲ್ಲ ಸ್ಥಳಗಳೂ ಇಪ್ಪತ್ತು ನಿಮಿಷದವು. ದೇವಸ್ಥಾನಕ್ಕೆ ಇಪ್ಪತ್ತು, ಅರಮನೆಗೆ ಇಪ್ಪತ್ತು, ಕೋಟೆಗೂ ಇಪ್ಪತ್ತು. ಚಹಾಕ್ಕೆ ಮಾತ್ರ ಐದು. ನಾನು ಪೋಸ್ಟ್ ಮಾಸ್ತರನಾಗಿ ಆ ಊರಿಗೆ ಬಂದು ಅವರ ಪಕ್ಕದ ಮನೆ ಹಿಡಿದಾಗ ಅವರಿಗೆ ಐವತ್ತು ದಾಟಿತ್ತು. ಕಿರಾಣಿ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಲೋಕಸೇವೆಗೆ ಇಳಿದಿದ್ದರು. ಲೋಕಸೇವೆ ಎಂದರೆ, ಎರಡು ತಿಂಗಳಿಗೊಮ್ಮೆ ಮಿರಜಿನಿಂದ ಒಂದು ಮಿನಿ ಬಸ್ಸು ಬಾಡಿಗೆಗೆ ತಂದು, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಜನರನ್ನು ಅದರಲ್ಲಿ ತುಂಬಿ, ಒಂದೇ ದಿನದಲ್ಲಿ ಪುಣ್ಯವನ್ನೂ ಇತಿಹಾಸವನ್ನೂ ತೋರಿಸಿ ತಿರುಗಿ ತಂದು ಇಳಿಸುವುದು.

ಈ ಹುಚ್ಚು ಹತ್ತಿದ್ದು ೧೯೮೧ರಲ್ಲಿ. ಮಹಾಮಸ್ತಕಾಭಿಷೇಕಕ್ಕೆಂದು ಶ್ರವಣಬೆಳಗೊಳಕ್ಕೆ ಹೋದವರು ಬಾಹುಬಲಿಯನ್ನು ನೋಡಿದರೋ ಇಲ್ಲವೋ, ತಮ್ಮ ಬಸ್ಸಿನ ಗೈಡನ್ನು ಮಾತ್ರ ಕಣ್ತುಂಬ ನೋಡಿಕೊಂಡು ಬಂದರು. ಆ ಮನುಷ್ಯ ಸೀಟಿ ಊದಿದರೆ ಐವತ್ತು ಜನ ಎದ್ದು ನಿಲ್ಲುತ್ತಿದ್ದರಂತೆ. ಅಂಗಡಿಯ ಗಾದಿಯ ಮೇಲೆ ಮೂವತ್ತು ವರ್ಷ ಕೂತರೂ ತವನಪ್ಪನವರ ಮಾತಿಗೆ ಒಬ್ಬ ಗಿರಾಕಿಯೂ ಎದ್ದು ನಿಂತಿರಲಿಲ್ಲ. ಊರಿಗೆ ಬಂದವರೇ ಒಂದು ಹಿತ್ತಾಳೆ ಸೀಟಿ ಕೊಂಡರು.

ಅವರ ಹೆಂಡತಿ ಸುಂದರಾಬಾಯಿ. ಟ್ರಿಪ್ಪಿನ ದಿನ ಕೋಳಿ ಕೂಗುವ ಮೊದಲೇ ಎದ್ದು, ಮೂವತ್ತು ಜನಕ್ಕಾಗುವಷ್ಟು ಜೋಳದ ಭಕ್ಕರಿ ಬಡಿದು, ಶೇಂಗಾ ಚಟ್ನಿ, ಕಡಲೆಹಿಟ್ಟಿನ ಝುಣಕ, ಮೊಸರು ಎಲ್ಲವನ್ನೂ ನಾಲ್ಕು ಬುಟ್ಟಿಗಳಲ್ಲಿ ಕಟ್ಟಿ, ಆ ಬುಟ್ಟಿಗಳ ಜೊತೆ ತಾವೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಎಲ್ಲರೂ ಸ್ಥಳ ನೋಡಲು ಇಳಿದಾಗ ಬುಟ್ಟಿಗಳನ್ನು ನಾಯಿ, ಕೋತಿಗಳಿಂದ ಕಾಯುವುದು ಅವರ ಪಾಲಿನ ಯಾತ್ರೆ. ಏಳು ವರ್ಷಗಳಲ್ಲಿ ಕೊಲ್ಲಾಪುರಕ್ಕೆ ಇಪ್ಪತ್ತು ಸಲ ಹೋಗಿದ್ದರು. ಅಲ್ಲಿ ಗಾಡಿ ನಿಲ್ಲಿಸುವ ಜಾಗಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು.

೧೯೮೮ರ ಫೆಬ್ರುವರಿಯ ಟ್ರಿಪ್ಪಿಗೆ ನಾನೂ ಹೋದೆ. ಪಕ್ಕದ ಮನೆಯವನಾಗಿ ಎಷ್ಟು ಸಲ ತಪ್ಪಿಸಿಕೊಳ್ಳಲಿ? ಬೆಳಗಿನ ಐದಕ್ಕೆ ಬಸ್ಸು ಹೊರಟಿತು. ಡ್ರೈವರ್ ಮಲಕಾರಿಯನ್ನು ಬಿಟ್ಟು ಮೂವತ್ತೆರಡು ಜನ. ಮಿರಜ ದಾಟುವ ಮೊದಲೇ ತವನಪ್ಪನವರು ಎದ್ದು ನಿಂತು ಕಾನೂನು ಓದಿದರು.

"ಸೀಟಿ ಊದಿದ ಕೂಡ್ಲೆ ಬರಬೇಕ್ರಿ. ಬರಲಿಲ್ಲಂದ್ರ ಗಾಡಿ ಹೋಗತೈತಿ. ನಮ್ಮಪ್ಪ ಇದ್ದರೂ ಬಿಟ್ಟು ಹೋಗಾಂವ ನಾನು."

ಅವರ ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು, ಹಾಗಾಗಿ ಆ ಮಾತನ್ನು ಪರೀಕ್ಷಿಸುವ ಹಾಗಿರಲಿಲ್ಲ.

ಕುಂಭೋಜದ ಬಾಹುಬಲಿಯಲ್ಲಿ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಸೀಟಿ ಕೇಳಿತು. ದೇವರಿಗೆ ಅಲ್ಲಿಂದಲೇ ಕೈಮುಗಿದು ಇಳಿದೆವು. ಕೊಲ್ಲಾಪುರದಲ್ಲಿ ಮಹಾಲಕ್ಷ್ಮಿಯ ಗುಡಿಯ ಸಾಲು ಉದ್ದವಿತ್ತು. ನಾವು ಸಾಲಿನ ದರ್ಶನ ಪಡೆದು ಬಂದೆವು. ಅರಮನೆಯ ಮ್ಯೂಸಿಯಮ್ಮಿನಲ್ಲಿ ತವನಪ್ಪನವರು ಮುಂದೆ ಓಡುತ್ತ, "ಇದು ಹುಲಿ, ಇದು ಕತ್ತಿ, ಇದೂ ಕತ್ತಿ, ನಡೀರಿ" ಎಂದು ಇತಿಹಾಸ ಹೇಳಿದರು. ನಾನು ಆ ದಿನ ಎಲ್ಲಕ್ಕಿಂತ ಚೆನ್ನಾಗಿ ನೋಡಿದ್ದು ಅವರ ಬೆನ್ನನ್ನು. ಅಥಣಿ ಕಡೆಯ ಅನಂತಪುರದಿಂದ ಬಂದಿದ್ದ ಭೀಮಗೊಂಡ ಎಂಬ ಕಬ್ಬಿನ ರೈತ ಇಳಿಯುವುದನ್ನೇ ಬಿಟ್ಟು ಬಸ್ಸಿನಲ್ಲಿ ನಿದ್ದೆ ಮಾಡಿದ. ಇಡೀ ಬಸ್ಸಿನಲ್ಲಿ ವಿಶ್ರಾಂತಿ ಸಿಕ್ಕ ಪ್ರವಾಸಿ ಅವನೊಬ್ಬನೇ.

ಜೋತಿಬಾ ಗುಡ್ಡ ಮುಗಿಸಿ ಪನ್ಹಾಳ ಕೋಟೆಗೆ ಬಂದಾಗ ಮೂರು ಗಂಟೆ. ಮುಗಳಖೋಡದ ಗೌರಾಬಾಯಿ ಎಂಬ ಹಿರಿಯ ಹೆಣ್ಣುಮಗಳು ಮೊಣಕಾಲು ಹಿಡಿದುಕೊಂಡು ಕೆಳಗಿಳಿಯಲು ಒಲ್ಲೆನೆಂದರು. ಹಿಂದೆ ಬುಟ್ಟಿಗಳ ನಡುವೆ ಕೂತ ಸುಂದರಾಬಾಯಿಯನ್ನು ನೋಡಿ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು.

"ನಾ ಹೆಂಗೂ ಇಲ್ಲೇ ಕೂಡಾಕಿ. ಬುಟ್ಟಿ ನಾ ನೋಡಕೋತೇನಿ, ನೀವು ಹೋಗಿ ಬರ್ರಿ."

"ಅವರು ಬೈತಾರ್ರಿ."

"ದಿನಾ ಸುಮ್ಮನ ಬೈಸಿಕೋತೀರಿ. ಇವತ್ತ ಕೋಟಿ ನೋಡಿ ಬೈಸಿಕೊಳ್ರಿ."

ಸುಂದರಾಬಾಯಿ ಸೆರಗು ಸರಿಮಾಡಿಕೊಂಡು ಇಳಿದರು.

ಇಪ್ಪತ್ತು ನಿಮಿಷಕ್ಕೆ ಸೀಟಿ. ಎಲ್ಲರೂ ಓಡಿಬಂದು ಹತ್ತಿದರು. ತವನಪ್ಪನವರು ಬಾಗಿಲಲ್ಲಿ ನಿಂತು ಬೆರಳು ಮಾಡಿ ಎಣಿಸಿ, ಕೊನೆಗೆ ತಮ್ಮ ಎದೆಯನ್ನೂ ಮುಟ್ಟಿಕೊಂಡರು. "ಮೂವತ್ತೆರಡು. ಬರೋಬರಿ! ನಡಿ ಮಲಕಾರಿ."

"ಅಣ್ಣಾರ, ಬಾಯಾರು ಇನ್ನೂ ಬಂದಂಗ ಕಾಣಲಿಲ್ರಿ," ಎಂದರು ಆಗಷ್ಟೇ ತೂಕಡಿಕೆಯಿಂದ ಎಚ್ಚೆತ್ತ ಗೌರಾಬಾಯಿ.

ಹಿಂದಿನ ಸೀಟಿನಲ್ಲಿ ಯಾರೋ ಕಂಬಳಿ ಹೊದ್ದು ಮಲಗಿದ್ದರು. ತವನಪ್ಪನವರು ಆ ಕಡೆ ಕೈ ಮಾಡಿದರು. "ಅಲ್ಲೇ ಮಲಗ್ಯಾಳಲ್ರಿ. ಮೂವತ್ತೆರಡು ಆಗ್ಯಾವು, ಎಣಿಕಿ ಸುಳ್ಳ ಹೇಳತೈತೇನು?"

"ಬಾಯಾರ ಹತ್ತಿರ ಕಂಬಳಿ ಇರಲಿಲ್ಲಲ್ರಿ," ಎಂದು ಗೌರಾಬಾಯಿ ನನ್ನ ಕಡೆ ತಿರುಗಿ ಸಣ್ಣಗೆ ಅಂದರು. ನಾನು ಸರಕಾರಿ ನೌಕರ. ಎಣಿಕೆ ಸರಿಯಾದ ಮೇಲೆ ಮನುಷ್ಯರನ್ನು ನೋಡುವ ರೂಢಿ ನನಗೂ ಇರಲಿಲ್ಲ. ಬಸ್ಸು ಹೊರಟಿತು.

ಕೊಲ್ಲಾಪುರದ ರಂಕಾಳ ಕೆರೆಯ ದಂಡೆಗೆ ಬಂದಾಗ ಐದೂವರೆ. ಬಸ್ಸಿನಲ್ಲಿ ಅರ್ಧಕ್ಕರ್ಧ ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದವರು. ಉಳಿದವರಿಗೆ ಧರ್ಮ ಬೇರೆಯಾದರೂ ಹಸಿವು ಅದೇ. ಸುಂದರಾಬಾಯಿ ಇಲ್ಲದೆ ಎರಡು ಗಂಟೆ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಅವರ ನೆನಪಾಯಿತು.

"ಏಳ, ಊಟದ ಹೊತ್ತಾತು," ಎಂದು ತವನಪ್ಪನವರು ಕಂಬಳಿ ಎಳೆದರು. ಒಳಗಿನಿಂದ ಬಿಳಿ ಮೀಸೆಯೊಂದು ಎದ್ದು ಕೂತಿತು. ಯಾರೋ ಅಜ್ಜ. ಕಣ್ಣುಜ್ಜಿಕೊಂಡು, "ಹೀ ಗಾಡಿ ಇಚಲಕರಂಜೀಚೀ ನ್ಹವಂ ಕಾ?" ಎಂದು ಮರಾಠಿಯಲ್ಲಿ ಕೇಳಿದ, ಇದು ಇಚಲಕರಂಜಿಯ ಗಾಡಿಯಲ್ಲವೇ ಎಂದು. ಇಚಲಕರಂಜಿಯ ಬಸ್ಸು ಪನ್ಹಾಳದಲ್ಲಿ ನಮ್ಮ ಬಸ್ಸಿನ ಪಕ್ಕದಲ್ಲೇ ನಿಂತಿತ್ತು, ಬಣ್ಣವೂ ಅದೇ.

ತವನಪ್ಪನವರು ಕಂಬಳಿ ಕೈಬಿಟ್ಟರು. ಕೂಡಲೇ ತಿರುಗಿ ಹೋಗೋಣ ಎಂದರು. ಆಗ ಭೀಮಗೊಂಡ ಆ ದಿನ ಮೊದಲ ಸಲ ಪೂರ್ತಿ ಎಚ್ಚರವಾಗಿ ಮಾತಾಡಿದ. "ಹೋಗೂಣ್ರಿ, ಹೋಗಲೇಬೇಕು. ಆದ್ರ ಹೊತ್ತ ಮುಳಗಾಕ ಬಂದೈತಿ. ಒಂದ ನಾಕ ತುತ್ತ ಉಂಡ ಹೋಗೂಣ. ಬಾಯಾರು ಮಾಡಿದ್ದು ಕೆಡಬಾರದಲ್ರಿ."

ಬಾಯಾರ ಮೇಲಿನ ಗೌರವದಿಂದ ಎಲ್ಲರೂ ಹೊಟ್ಟೆತುಂಬ ಉಂಡರು. ನಾನೂ ಉಂಡೆ. ಅಜ್ಜ ಎರಡು ಸಲ ಚಟ್ನಿ ಹಾಕಿಸಿಕೊಂಡ. ತವನಪ್ಪನವರು ಬಡಿಸಿದರು, ತಾವು ಮುಟ್ಟಲಿಲ್ಲ.

ಪನ್ಹಾಳದ ಪೊಲೀಸ್ ಚೌಕಿಯಲ್ಲಿ ಅಜ್ಜನ ಮಕ್ಕಳು, ಸೊಸೆಯಂದಿರು ಅಳುತ್ತ ನಿಂತಿದ್ದರು. ಅಜ್ಜನನ್ನು ಕಂಡು ಕಾಲಿಗೆ ಬಿದ್ದರು. ನಮ್ಮ ಬಸ್ಸಿನಲ್ಲಿ ಅಳುವವರು ಯಾರೂ ಇರಲಿಲ್ಲ, ಕಾಗವಾಡ ಮುಟ್ಟುವುದು ಎಷ್ಟಕ್ಕೆ ಎಂದು ಕೇಳುವವರೇ ಎಲ್ಲ. ಹವಾಲ್ದಾರರು ವಹಿ ತೆಗೆದು ಮರಾಠಿಯಲ್ಲಿ ಕೇಳಿದರು. ಹೆಣ್ಣುಮಗಳ ಸೀರೆ ಯಾವ ಬಣ್ಣದ್ದು?

ತವನಪ್ಪನವರು ಬಹಳ ಯೋಚಿಸಿದರು. "ಸೀರೆ ಉಟ್ಟಿದ್ದಳು," ಎಂದರು.

ಎತ್ತರ ಎಷ್ಟು? ಅವರು ನನ್ನ ಮುಖ ನೋಡಿದರು. ಗುರುತು? ತಲೆಯೆತ್ತಿ ಛತ್ತು ನೋಡಿದರು. ಕೋಟೆ ದೊಡ್ಡದು, ಎಲ್ಲಿ ಅಂತ ಹುಡುಕುವುದು ಎಂದು ಹವಾಲ್ದಾರರು ಬೇಸರದಿಂದ ಅಂದರೋ ಇಲ್ಲವೋ, ತವನಪ್ಪನವರಿಗೆ ಜೀವ ಬಂತು. ಗೋಡೆ ಏಳು ಕಿಲೋಮೀಟರು, ಸಮುದ್ರ ಮಟ್ಟದಿಂದ ಇಷ್ಟು ಫೂಟು, ಅಂಬರಖಾನೆಯೆಂಬ ಕಣಜದಲ್ಲಿ ಇಷ್ಟು ಸಾವಿರ ಖಂಡಿ ಧಾನ್ಯ ಎಂದು ಒಂದೇ ಉಸಿರಿಗೆ ಒದರಿದರು. ಹವಾಲ್ದಾರರು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು.

ಬಾಗಿಲಿನಿಂದ ಗೌರಾಬಾಯಿಯ ದನಿ ಬಂತು. "ಬರಕೊಳ್ರಿ ಸಾಹೇಬ್ರ. ಹಸರ ಇಲಕಲ್ಲ ಸೀರಿ. ನನ್ನ ಹೆಗಲಿನಷ್ಟ ಎತ್ತರ. ಬಲಗೈ ಮ್ಯಾಲ ಹಂಚ ಸುಟ್ಟ ಕಲಿ ಐತಿ. ನಕ್ಕರ ಒಂದ ಹಲ್ಲ ಇಲ್ಲ."

ಬೆಳಿಗ್ಗೆಯಿಂದ ಮಾತ್ರ ಗುರುತಿದ್ದ ಹೆಣ್ಣುಮಗಳು ಇಷ್ಟು ಹೇಳಿದರು. ತವನಪ್ಪನವರು ಬೆಂಚಿನ ಮೇಲೆ ಕೂತುಬಿಟ್ಟರು. "ಯಾವ ಹಲ್ಲರಿ?" ಎಂದು ಮೆಲ್ಲಗೆ ಕೇಳಿದರು. ಮದುವೆಯಾಗಿ ಮೂವತ್ತೊಂದು ವರ್ಷ.

ನಮ್ಮನ್ನು ಮಲಕಾರಿಯ ಜೊತೆ ಕಳಿಸಿ ಅವರು ಅಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಪೋಸ್ಟಾಫೀಸಿಗೆ ಜಯಸಿಂಗಪುರದಿಂದ ಫೋನು ಬಂತು. ಸುಂದರಾಬಾಯಿಯ ತಮ್ಮ ಅಣ್ಣಾಸಾಬ. "ಅಕ್ಕಾರು ನಮ್ಮ ಮನ್ಯಾಗ ಅದಾರ್ರಿ. ಆರಾಮ ಅದಾರ. ನಾಕ ದಿನ ಇದ್ದ ಬರತಾರಂತ. ಮಾಮಾರಿಗೆ ಹೇಳ್ರಿ." ನಾನು ಪನ್ಹಾಳದ ಚೌಕಿಗೆ ಫೋನು ಮಾಡಿ ತಿಳಿಸಿದೆ, ತವನಪ್ಪನವರು ಆ ಸಂಜೆ ಒಬ್ಬರೇ ಊರಿಗೆ ಬಂದರು.

ಐದನೆಯ ದಿನ ಬಂದ ಸುಂದರಾಬಾಯಿ ನನ್ನ ಹೆಂಡತಿಯ ಮುಂದೆ ಎಲ್ಲ ಹೇಳಿದರು. ಅವರು ಅಂಬರಖಾನೆಯ ಒಳಗೆ ನಿಂತಿದ್ದರಂತೆ. ಒಳಗೆ ತಂಪು, ಕತ್ತಲೆ, ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು.

"ಸೀಟಿ ಕೇಳಲಿಲ್ಲೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

"ಕೇಳಿತ್ರಿ. ಏಳ ವರ್ಷ ಕೇಳೇನಿ, ಇವತ್ತೊಂದ ದಿನ ಊದಲಿ ಬಿಡು ಅಂತ ನಿಂತೆ. ಹೊರಗ ಬಂದ್ರ ಗಾಡಿ ಇಲ್ಲ!"

"ಅಯ್ಯ! ಅತ್ತಿರೇನು?"

"ಸ್ವಲ್ಪ ಅತ್ತೆ. ಆಮ್ಯಾಲ ನೋಡಿದ್ರ ಹೊತ್ತೂ ಭಾಳ ಐತಿ, ನೋಡೂದೂ ಭಾಳ ಐತಿ."

ನೋಡಿದರಂತೆ. ಗೋಡೆಯ ಅಂಚಿನಲ್ಲಿ ಕೂತು ಕೆಳಗಿನ ಹೊಲಗಳನ್ನು ನೋಡಿದರು. ಮರದ ಕೆಳಗೆ ಝುಣಕ-ಭಕ್ಕರಿ ಮಾರುವವಳ ಮುಂದೆ ಕೂತು ಉಂಡರು. ಬೇರೆಯವರು ಬಡಿದ ಭಕ್ಕರಿಯನ್ನು ಕೂತಲ್ಲಿಗೆ ಬಡಿಸಿಕೊಂಡು ತಿಂದದ್ದು ಯಾವಾಗಲೋ, ನೆನಪೇ ಇರಲಿಲ್ಲವಂತೆ. ಆಮೇಲೆ ಎಸ್.ಟಿ. ಬಸ್ಸು ಹತ್ತಿ ಕೊಲ್ಲಾಪುರ, ಅಲ್ಲಿಂದ ಜಯಸಿಂಗಪುರ.

ತವನಪ್ಪನವರು ಹೆಂಡತಿಯನ್ನು ಬೈಯಲಿಲ್ಲ. ಬೈಯಲು ಎರಡು ಸಲ ಬಾಯಿ ತೆರೆದದ್ದನ್ನು ನಾವು ಗೋಡೆಯ ಈ ಕಡೆಯಿಂದ ಕೇಳಿದೆವು. ಸುಂದರಾಬಾಯಿ ಒಂದೇ ಮಾತು ಹೇಳಿದರು: "ಇನ್ನ ನಿಮ್ಮ ಗಾಡಿಗೆ ನಾ ಬರಾಂಗಿಲ್ಲ. ಬುಟ್ಟೀನೂ ಬರಾಂಗಿಲ್ಲ."

ಮುಂದಿನ ಟ್ರಿಪ್ಪಿನಲ್ಲಿ ಊಟಕ್ಕೆ ಹೋಟೆಲು ಗೊತ್ತುಮಾಡಿದರು. ಅದರ ಮುಂದಿನದಕ್ಕೆ ಹನ್ನೊಂದೇ ಜನ ಹೆಸರು ಕೊಟ್ಟರು. ಜನ ಇಷ್ಟು ವರ್ಷ ಇತಿಹಾಸ ಕೇಳಲು ಬರುತ್ತಿದ್ದಾರೆ ಎಂದೇ ತವನಪ್ಪನವರು ನಂಬಿದ್ದರು. ಚಟ್ನಿಗೆ ಬರುತ್ತಿದ್ದರು ಎಂದು ಅವರಿಗೆ ಹೇಳುವ ಕಠಿಣ ಕೆಲಸವನ್ನು ಯಾರೂ ಮಾಡಬೇಕಾಗಲಿಲ್ಲ. ಮಿನಿ ಬಸ್ಸು ಬರುವುದು ತಾನಾಗಿ ನಿಂತಿತು. ಅವರು ಮತ್ತೆ ಅಂಗಡಿಯಲ್ಲಿ ತಮ್ಮನ ಪಕ್ಕದಲ್ಲಿ ಕೂರತೊಡಗಿದರು.

ಮರುವರ್ಷ ಗೌರಾಬಾಯಿಯ ಮೊಣಕಾಲು ಸ್ವಲ್ಪ ಸುಧಾರಿಸಿತು. ಅವರೂ ಸುಂದರಾಬಾಯಿಯೂ ಅಥಣಿಯಲ್ಲಿ ಕೂಡಿ, ಬಸ್ಸು ಹಿಡಿದು ವಿಜಾಪುರಕ್ಕೆ ಹೋದರು. ಅಲ್ಲಿ ಮೂರು ದಿನ ಇದ್ದರು. ಆ ಮೂರು ದಿನವೂ ತವನಪ್ಪನವರು ನಮ್ಮಲ್ಲೇ ಉಂಡರು. ತಲೆ ಬಗ್ಗಿಸಿ ಉಣ್ಣುತ್ತಿದ್ದವರನ್ನು ಕಂಡು ನನ್ನ ಹೆಂಡತಿಗೆ ತಡೆಯಲಾಗಲಿಲ್ಲ.

"ನೀವೂ ಹೋಗಬೇಕಿತ್ತಲ್ರಿ, ಕಾಕಾರ."

ತವನಪ್ಪನವರು ಭಕ್ಕರಿ ಮುರಿಯುತ್ತ ಹೇಳಿದರು: "ನನ್ನ ಕರೀಲೇ ಇಲ್ರಿ."