ಅರ್ಧ ಹುಬ್ಬಿಗೆ ಬಂದ ವೀಟೊ

ಅಮೆರಿಕದ ಐಸೆಲಿನ್ ಊರಿನ ಪಾರ್ಲರಿನಲ್ಲಿ ದಾರದಿಂದ ಐಬ್ರೋ ಮಾಡುವುದು ನನ್ನ ಕೆಲಸ. ದಾರದ ತುದಿ ಹಲ್ಲಿನಲ್ಲಿರುವುದರಿಂದ ನನ್ನಂಥ ಬಾಯಿಬಡುಕಿಯೂ ಆಗ ಮೂಕಿ. ಆ ಶನಿವಾರ ಕುರ್ಚಿಯಲ್ಲಿದ್ದವರು ನನ್ನನ್ನೇ ಹುಡುಕಿಕೊಂಡು ಬರುವ ಆಫ್ರಿಕನ್ ಅಮೆರಿಕನ್ ಹೆಂಗಸು. ಒಂದು ಹುಬ್ಬು ಮುಗಿದಿತ್ತು. ಅಷ್ಟರಲ್ಲಿ ಮೂಲೆಯಲ್ಲಿದ್ದ ನನ್ನ ಮಗಳು ಎದ್ದು ನಿಂತು, "ಕಪ್ಪು ಜನರಿಗೆ ಪೌರತ್ವ ಕೊಡುವ ಈ ಕಾಯ್ದೆಗೆ ನಾನು ಸಹಿ ಹಾಕುವುದಿಲ್ಲ, ಇದು ನನ್ನ ವೀಟೊ!" ಎಂದು ಅಬ್ಬರಿಸಿದಳು.

ಅವರು ಫಕ್ಕನೆ ಕಣ್ಣು ಬಿಟ್ಟರು. ಈ ಗಿರಾಕಿ ಇನ್ನು ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡು ದಾರ ಉಗುಳಿದೆ. "ಸ್ಕೂಲಿನ ನಾಟಕ, ಮೇಡಂ! ಅಂತರ್ಯುದ್ಧ ಮುಗಿದ ಮೇಲೆ ಬಂದ ಅಧ್ಯಕ್ಷನ ಪಾತ್ರ. ಯಾರೂ ಒಪ್ಪದ್ದನ್ನು ಇವಳ ತಲೆಗೆ ಕಟ್ಟಿದ್ದಾರೆ." ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷು ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು.

ಅವರು ನಗಲಿಲ್ಲ. ಅರ್ಧ ಹುಬ್ಬಿನಲ್ಲೇ ಎದ್ದು ಕೂತು ಕೇಳಿದರು: "ಮಿಸ್ಟರ್ ಪ್ರೆಸಿಡೆಂಟ್, ಆಮೇಲೇನಾಯಿತು?"

"ಕಾಂಗ್ರೆಸ್ಸಿನಲ್ಲಿ ಮೂರರಲ್ಲಿ ಎರಡು ಪಾಲು ಸದಸ್ಯರು ನನ್ನ ವಿರುದ್ಧ ಓಟು ಹಾಕ್ತಾರೆ. ನನ್ನ ಸಹಿ ಇಲ್ಲದೆಯೇ ಕಾಯ್ದೆ ಪಾಸಾಗುತ್ತೆ," ಎಂದಳು ಮಗಳು, ಮುಖ ಸಪ್ಪೆ ಮಾಡಿಕೊಂಡು.

"ಹಾಗಾದರೆ ಇನ್ನೂ ಜೋರಾಗಿ ಕೂಗು. ನೀನು ಎಷ್ಟು ಮೆರೆದರೆ, ಸೋಲುವುದನ್ನು ನೋಡಲು ನಮಗೆ ಅಷ್ಟು ಖುಷಿ!" ಎಂದು ನಕ್ಕು ಮತ್ತೆ ಒರಗಿದರು. ಇನ್ನೊಂದು ಹುಬ್ಬು ಮುಗಿಯುವವರೆಗೂ ಅವಳು ಗುಡುಗಿದಳು. ಅವರು ಕಣ್ಣು ಮುಚ್ಚಿಕೊಂಡೇ, ಅವಳ ವಿರುದ್ಧ ಓಟು ಹಾಕುವವರಂತೆ ಕೈ ಎತ್ತುತ್ತಿದ್ದರು. ನಾನು ದಾರ ಕಚ್ಚಿಕೊಂಡು ನಗು ತಡೆದೆ.

ಸಂಜೆ ನಮ್ಮ ಮನೆಯವರು, "ಹೊರಗಿನ ಊಟ ಬೇಡ" ಎಂದು ಅಪ್ಪಣೆ ಹೊರಡಿಸಿದರು. ನಾನೂ ಮಗಳೂ ಕೈ ಎತ್ತಿದೆವು. ಮನೆಯಲ್ಲಿ ಇರುವುದೇ ನಾವು ಮೂವರು.