ಕೈ ಎತ್ತಿದ ಮುನವ್ವರ್ ಬೀ

ಮುನವ್ವರ್ ಬೀ ಮದುವೆಯಾಗಿ ದೇವದುರ್ಗಕ್ಕೆ ಬಂದಾಗ ಅವಳ ಗಂಡ ಜಿಲಾನಿ ಪಾಷಾ ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದ. ಮದುವೆಯಾದ ಎರಡನೆಯ ವರ್ಷ ಹೈದರಾಬಾದಿನ ಏಜೆಂಟನೊಬ್ಬ ಇಂಗ್ಲೆಂಡಿನ ಉಣ್ಣೆಯ ಗಿರಣಿಗಳಿಗೆ ಆಳು ಬೇಕಾಗಿದ್ದಾರೆಂದು ಕರೆದ. ಮುಂದೆ ಆ ದೇಶ ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ, ಈಗಲೇ ಹೊರಡಬೇಕು ಎಂದ. ಜಿಲಾನಿ ಹೊರಟ. ಅದು ಅರವತ್ತೆರಡನೆಯ ಇಸವಿ.

ಮುಂದಿನ ಹದಿಮೂರು ವರ್ಷಗಳಲ್ಲಿ ಒಂದು ಸಲ ಮಾತ್ರ ಬಂದಿದ್ದ. ಒಂದು ಬೇಸಿಗೆ ಇದ್ದು, ತಂಗಿಯ ಮದುವೆ ಮಾಡಿ, ಮತ್ತೆ ಹೋದ. ಮಕ್ಕಳಾಗಲಿಲ್ಲ. ಮುನವ್ವರ್ ಅತ್ತೆ ಖಾಸಿಂ ಬೀ ಮತ್ತು ಮೈದುನ ಮಹಮ್ಮದ್ ಹುಸೇನನ ಸಂಸಾರದೊಂದಿಗೆ ಉಳಿದಳು. ಜಿಲಾನಿ ಕಳಿಸುವುದರಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು. ಹೀಗಾಗಿ ಅವನು ಯಾವಾಗ ಬರುತ್ತಾನೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮುನವ್ವರ್ ಕೇಳುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಅವಳ ಕೋಣೆಯಲ್ಲಿ ಜಿಲಾನಿ ಕಳಿಸಿದ ಉಣ್ಣೆಯ ಕಂಬಳಿಗಳು ಪೆಟ್ಟಿಗೆ ತುಂಬ ಇದ್ದವು. ದೇವದುರ್ಗದ ಸೆಕೆಯಲ್ಲಿ ಅವನ್ನು ಹೊದೆಯುವವರು ಯಾರು?

ಎಪ್ಪತ್ತೈದರ ಬೇಸಿಗೆಯಲ್ಲಿ ಮಹಮ್ಮದ್ ಹುಸೇನನ ಸೈಕಲ್ ಅಂಗಡಿಯಲ್ಲಿ ಹೊಸ ಮಾತು ಶುರುವಾಯಿತು. ಯುರೋಪಿನ ಒಂಬತ್ತು ದೇಶಗಳು ಕೂಡಿ ಕಟ್ಟಿಕೊಂಡ ಒಕ್ಕೂಟದಲ್ಲಿ ಇಂಗ್ಲೆಂಡ್ ಇರಬೇಕೋ ಬಿಡಬೇಕೋ ಎಂದು ಅಲ್ಲಿಯ ಜನರೇ ಓಟು ಹಾಕಿ ತೀರ್ಮಾನಿಸುತ್ತಾರಂತೆ. ಅದಕ್ಕೆ ಕಾಮನ್ ಮಾರ್ಕೆಟ್ ಎಂದು ಹೆಸರು. ನಮ್ಮವರು ಅದನ್ನು ಒಂಬತ್ತು ಊರಿನ ಸಂತೆ ಎಂದರು. ಜಿಲಾನಿ ಅಲ್ಲಿ ಇದ್ದುದರಿಂದ ದೇವದುರ್ಗಕ್ಕೂ ಆ ಸಂತೆಗೂ ಒಂದು ನಂಟು ಬೆಳೆದುಬಿಟ್ಟಿತ್ತು. ರೇಡಿಯೋದಲ್ಲಿ ಉರ್ದು ವಾರ್ತೆ ಬರುವ ಹೊತ್ತಿಗೆ ಸೈಕಲ್ ಪಂಕ್ಚರ್ ಇಲ್ಲದವರೂ ಅಂಗಡಿ ಮುಂದೆ ನಿಲ್ಲುತ್ತಿದ್ದರು.

ಅಂಗಡಿಯ ಎದುರಿಗೇ ಗ್ರಂಥಾಲಯ. ಅಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಅಂಗಳದಲ್ಲಿ ಚರ್ಚಾಕೂಟ ನಡೆಯುತ್ತಿತ್ತು. ಮೇ ತಿಂಗಳಲ್ಲಿ ಇದೇ ವಿಷಯ ಇಟ್ಟರು. ಬಿಡಬೇಕು ಎನ್ನುವ ಪಕ್ಷಕ್ಕೆ ಹತ್ತಿ ವ್ಯಾಪಾರಿ ವಿರೂಪಣ್ಣ, ಇರಬೇಕು ಎನ್ನುವ ಪಕ್ಷಕ್ಕೆ ವಕೀಲ ಗುಲಾಮ್ ದಸ್ತಗೀರ್.

ವಿರೂಪಣ್ಣ ಹಣೆಯ ವಿಭೂತಿ ಬೆವರಿಗೆ ಕರಗುವಷ್ಟು ಆವೇಶದಿಂದ ಮಾತಾಡಿದ. "ಮೊದಲ ನಮ್ಮ ಬಟ್ಟಿ, ನಮ್ಮ ಚಾ ಸೀದಾ ಇಂಗ್ಲೆಂಡಿಗೆ ಹೋಗ್ತಿದ್ವು. ಈಗ ಆ ಸಂತಿ ಸೇರಿ, ನಮ್ಮ ಮಾಲಿಗೆ ಅಗಸಿ ಬಾಗಲಾಗ ಸುಂಕ ಕೂಡಿಸ್ಯಾರ. ತಮ್ಮ ಮನಿ ಕಾನೂನು ಮಂದಿ ಕೈಯಾಗ ಕೊಟ್ಟವರು ಎಂಥಾ ಯಜಮಾನರ್ರೀ? ಬಿಟ್ಟು ಹೊರಗ ಬರಲಿ!"

ದಸ್ತಗೀರ್ ನಕ್ಕ. "ವಿರೂಪಣ್ಣಾರ, ಕೂಡಿ ಬಾಳೋ ಮನ್ಯಾಗ ಒಂದು ಮಾತು ಹೆಚ್ಚು, ಒಂದು ಮಾತು ಕಡಿಮಿ. ಅಷ್ಟಕ್ಕ ಒಲಿ ಬ್ಯಾರೆ ಮಾಡ್ತಾರೇನು? ಆ ದೇಶಗಳು ಮೂವತ್ತು ವರ್ಷದ ಹಿಂದ ಒಂದಕ್ಕೊಂದು ಬಾಂಬ್ ಹಾಕಿದ್ವು. ಈಗ ಕೂಡಿ ಉಣ್ಣಾಕತ್ಯಾವ. ಇಂಗ್ಲೆಂಡ್ ಬಿಟ್ಟರ ಅಲ್ಲಿ ಗಿರಣಿ ಮುಚ್ಚತಾವ. ಗಿರಣಿ ಮುಚ್ಚಿದರ ಮೊದಲ ಹೊರಗ ಹಾಕೋದು ನಮ್ಮ ಮಂದೀನ. ನಮ್ಮ ಜಿಲಾನಿ ಪಾಷಾ ಮೂಟಿ ಕಟಗೊಂಡು ಮನಿಗೆ ಬರಬೇಕಾಗ್ತದ."

ಮುನವ್ವರ್ ಆಗ ಮೈದುನನಿಗೆ ಚಹಾ ತಂದುಕೊಟ್ಟು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಸುಂಕ, ಕಾನೂನು, ಬಾಂಬು ಯಾವುದೂ ಅವಳ ತಲೆಗೆ ಹೋಗಿರಲಿಲ್ಲ. ಕೊನೆಯ ಮಾತು ಮಾತ್ರ ಹೋಯಿತು. ಬಿಟ್ಟರೆ ಜಿಲಾನಿ ಮನೆಗೆ ಬರಬೇಕಾಗುತ್ತದೆ.

ಚರ್ಚೆ ಮುಗಿದಾಗ ದಸ್ತಗೀರ್ ತಮಾಷೆಗೆ ಕೂಗಿದ: "ಆತ್ರೆಪ್ಪಾ, ನಮ್ಮ ದೇವದುರ್ಗದ ಓಟೂ ಹಾಕಿಬಿಡೋಣ. ಬಿಡಬೇಕು ಅನ್ನೋರು ಕೈ ಎತ್ರಿ."

ವಿರೂಪಣ್ಣನ ಕಡೆಯ ನಾಲ್ಕಾರು ಮಂದಿ ಕೈ ಎತ್ತಿದರು. ಆಮೇಲೆ ಅಂಗಳದಲ್ಲಿ ಕೂತವರ ತಲೆಗಳು ಒಂದೊಂದಾಗಿ ರಸ್ತೆಯ ಈಚೆಗೆ ತಿರುಗಿದವು. ಸೈಕಲ್ ಅಂಗಡಿಯ ಬಾಗಿಲಲ್ಲಿ, ತಲೆಯ ಮೇಲೆ ಸೆರಗು ಬಿಗಿಹಿಡಿದು, ಬಲಗೈ ಎತ್ತಿ ಒಬ್ಬ ಹೆಂಗಸು ನಿಂತಿದ್ದಳು.

ಯಾರೂ ನಗಲಿಲ್ಲ. ಗಾಬರಿಯಾದ ದಸ್ತಗೀರ್ ಕೇಳಿದ: "ಭಾಭಿ, ನೀವು ಯಾಕ?"

"ಬಿಟ್ಟರ ಅವ್ರು ಮನಿಗೆ ಬರ್ತಾರಂತ ನೀವೇ ಅಂದ್ರಲ್ರೀ," ಎಂದಳು ಮುನವ್ವರ್.

ಮಹಮ್ಮದ್ ಹುಸೇನ್ ಅವಳ ಮುಂದೆ ಬಂದು ಅಡ್ಡ ನಿಂತ. ಅಂಗಡಿಯ ಬಾಗಿಲು ಹಾಕಿದ. ಮನೆಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಖಾಸಿಂ ಬೀ ನಡುಮನೆಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು.

"ಊರ ಮಂದಿ ಮುಂದ ನನ್ನ ಮಗನ ಅನ್ನಕ್ಕ ಕಲ್ಲು ಹಾಕಾಕ ಕೈ ಎತ್ತಿದೇನ ಬೇ? ಅವನ ದುಡಿಮಿ ಉಂಡು ಬೆಳದ ಮೈ ನಿಂದು!"

"ಅಮ್ಮಾ, ನನಗ ಅವರ ದುಡಿಮಿ ಅದ. ಅವರು ಇಲ್ಲ."

ಇಷ್ಟು ವರ್ಷಗಳಲ್ಲಿ ಅವಳು ಅತ್ತೆಗೆ ಎದುರಾಡಿದ ಮಾತು ಇದೊಂದೇ. ಆ ಮೇಲೆ ಆ ಮನೆಯಲ್ಲಿ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ತಾಟು ಇಟ್ಟರೆ ಉಣ್ಣುತ್ತಿದ್ದಳು, ಇಡದಿದ್ದರೆ ಕೋಣೆಯಲ್ಲಿ ಕೂತಿರುತ್ತಿದ್ದಳು. ಓಟಿನ ಫಲಿತಾಂಶ ಬರುವವರೆಗೆ ನಮಾಜಿನಲ್ಲಿ ಒಂದೇ ದುವಾ ಕೇಳುತ್ತಿದ್ದಳು. ಕಾಣದ ದೇಶವೊಂದು, ತಿಳಿಯದ ಸಂತೆಯೊಂದನ್ನು ಬಿಟ್ಟು ಹೊರಬರಲಿ ಎಂದು.

ಜೂನ್ ಮೊದಲ ವಾರದಲ್ಲಿ ಫಲಿತಾಂಶ ಬಂತು. ಮೂರರಲ್ಲಿ ಎರಡು ಪಾಲು ಜನ ಇರಬೇಕೆಂದು ಹೇಳಿದ್ದರು. ಮಹಮ್ಮದ್ ಹುಸೇನ್ ಓಣಿಗೆಲ್ಲ ಬೆಲ್ಲ ಹಂಚಿದ. ಮುನವ್ವರ್ ತನ್ನ ನಾಲ್ಕು ಸೀರೆ ಗಂಟು ಕಟ್ಟಿಕೊಂಡು ತವರೂರು ಮಾನ್ವಿಯ ಬಸ್ಸು ಹತ್ತಿದಳು. ಕಂಬಳಿಗಳ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟಳು. ಆ ತಿಂಗಳ ಕೊನೆಗೆ ನಮ್ಮ ದೇಶದಲ್ಲಿ ತುರ್ತುಪರಿಸ್ಥಿತಿ ಬಂತು. ಗ್ರಂಥಾಲಯದ ಅಂಗಳದ ಚರ್ಚೆಗಳೂ ನಿಂತುಹೋದವು.

ಮಾನ್ವಿಯಲ್ಲಿ ಅವಳ ತಾಯಿ ನೂರ್ ಬೀ ಒಬ್ಬಳೇ ಇದ್ದಳು. ಬಳೆ ಮಾರುವ ಮನೆತನ. ಮುದುಕಿಗೆ ಕಾಲು ಬಾತು ಹಳ್ಳಿ ತಿರುಗಲಾಗುತ್ತಿರಲಿಲ್ಲ. ಮಗಳು ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡಳು. ಬಾಗಲವಾಡ, ಚೀಕಲಪರ್ವಿ, ದಾರಿಯ ಸಣ್ಣಪುಟ್ಟ ಊರುಗಳು. ಹಳ್ಳಿಯ ಹೆಂಗಸರು ಅವಳನ್ನು ಬೂಬಮ್ಮ ಎಂದು ಕರೆದರು. ಬೆರಳುಗಳನ್ನು ಮೆತ್ತಗೆ ಮಡಿಸಿ, ಗೆಣ್ಣು ಒತ್ತಿ, ನೋವಾಗದಂತೆ ಬಳೆ ಏರಿಸುತ್ತಿದ್ದಳು. ಆ ಹೊತ್ತಿನಲ್ಲಿ ಹೆಂಗಸರು ತಮ್ಮ ಮನೆಯ ಸುಖದುಃಖವೆಲ್ಲ ಅವಳ ಮುಂದೆ ಹೇಳುತ್ತಿದ್ದರು. ಅವಳ ಸುಖದುಃಖ ಕೇಳಿದವಳು ಬಾಗಲವಾಡದ ಅಂಬಮ್ಮ ಒಬ್ಬಳೇ. ಮುನವ್ವರ್ ಹೇಳಲಿಲ್ಲ. ಅಂಬಮ್ಮ ಒತ್ತಾಯಿಸಲಿಲ್ಲ. ಒಂದು ರೊಟ್ಟಿ, ಪುಂಡಿಪಲ್ಯೆ ಕೊಟ್ಟು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಳು. ನೂರ್ ಬೀ ತೀರಿಕೊಂಡ ಮೇಲೆ ಮಾನ್ವಿಯ ಆ ಮನೆಯಲ್ಲಿ ಮುನವ್ವರ್ ಒಬ್ಬಳೇ ಆದಳು.

ಇಂಗ್ಲೆಂಡ್ ಒಕ್ಕೂಟದಲ್ಲಿಯೇ ಇತ್ತು. ಆದರೂ ಜಿಲಾನಿಯ ಗಿರಣಿ ಮುಚ್ಚಿತು. ಎಂಬತ್ತೊಂದರ ಮಳೆಗಾಲದಲ್ಲಿ ಅವನು ಬಂದ. ಮೊದಲು ದೇವದುರ್ಗಕ್ಕೆ ಹೋಗಿ, ತಾಯಿಯ ಗೋರಿಗೆ ಹೂವು ಹಾಕಿ, ಅಲ್ಲಿಂದ ಮಾನ್ವಿಗೆ ಬಂದ. ಬಾಗಿಲಲ್ಲಿ ನಿಂತ ನರೆಗೂದಲಿನ ಮನುಷ್ಯನನ್ನು ನೋಡಿ ಮುನವ್ವರ್ ಯಾರು ಬೇಕು ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. ಅವನು ಕಿವಿಯ ಹಿಂದೆ ಅಂಗೈ ಇಟ್ಟು ಬಗ್ಗಿದ.

ಹತ್ತೊಂಬತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ಅವನ ಕಿವಿಗಳು ಹೋಗಿದ್ದವು.

ಮಾತಾಡಬೇಕೆಂದು ಮುನವ್ವರ್ ಎಷ್ಟೋ ಕೂಡಿಟ್ಟಿದ್ದಳು. ಆದರೆ ಅವನಿಗೆ ಕೇಳಿಸಬೇಕಾದರೆ ಕೂಗಬೇಕು. ಕೂಗಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಉಪ್ಪು ತನ್ನಿ, ನೀರು ಬಂತು ಎಂಬಂಥ ಮಾತನ್ನು ಕೂಗಬಹುದು. ಉಳಿದದ್ದನ್ನು ಹೇಗೆ ಕೂಗುವುದು? ಅವನಿಗೆ ರಾತ್ರಿ ಪಾಳಿಯ ರೂಢಿ ಹೋಗಿರಲಿಲ್ಲ. ಹಗಲೆಲ್ಲ ಮಲಗುತ್ತಿದ್ದ. ಅವಳು ಹಳ್ಳಿಗೆ ಹೋಗುವಾಗ ಅವನಿಗೆ ನಿದ್ದೆ. ಬಂದಾಗ ಅವನು ಎದ್ದು, ಮುಖ ತೊಳೆದು, ಬಸ್ ನಿಲ್ದಾಣದ ಕಡೆ ಹೊರಟಿರುತ್ತಿದ್ದ. ಅಲ್ಲಿ ಬರುವ ಹೋಗುವ ಬಸ್ಸುಗಳನ್ನು ನೋಡುತ್ತ ಕೂಡುವುದೇ ಅವನ ಕೆಲಸ. ದೇವದುರ್ಗದಲ್ಲಿ ಅವನ ಗೆಳೆಯರಾಗಿದ್ದವರು ಸತ್ತಿದ್ದರು, ಇಲ್ಲವೆ ಅವನಿಗೆ ಗುರುತು ಸಿಗದಷ್ಟು ಬದಲಾಗಿದ್ದರು.

ಒಂದು ಮಧ್ಯಾಹ್ನ ಅವನೇ ಗಿರಣಿಯ ಕಥೆ ಹೇಳುತ್ತ ಕೂತ. ಎಪ್ಪತ್ತೈದರಲ್ಲಿ ಒಕ್ಕೂಟದ ಓಟು ನಡೆದಾಗ ನಮ್ಮಂಥವರಿಗೂ ಹಕ್ಕಿತ್ತು, ಗಿರಣಿಯವರೆಲ್ಲ ಸಾಲಾಗಿ ಹೋಗಿ ಹಾಕಿದೆವು ಎಂದ.

ಮುನವ್ವರ್ ಅವನ ಕಿವಿಯ ಹತ್ತಿರ ಬಂದಳು. "ನೀವು ಯಾವ ಕಡಿ ಹಾಕಿದ್ರಿ?"

"ಇರಬೇಕು ಅಂತ," ಎಂದ ಜಿಲಾನಿ. ಕಿವುಡರ ಹಾಗೆ ಗಟ್ಟಿಯಾಗಿ. "ಬಿಟ್ಟರ ನಮ್ಮನ್ನ ಊರಿಗೆ ಕಳಿಸ್ತಾರ ಅಂತ ಎಲ್ಲಾರೂ ಹೆದರಿಸಿದ್ರು."

ಅವಳು ಸ್ವಲ್ಪ ಹಿಂದೆ ಸರಿದಳು. "ನಾನು ಬಿಡಬೇಕು ಅಂತ ಕೈ ಎತ್ತಿದ್ದೆ," ಎಂದು ಮೆಲ್ಲಗೆ ಹೇಳಿದಳು.

"ಏನಂದಿ?"

"ಚಾ ಮಾಡ್ಲೇನು ಅಂದೆ," ಎಂದು ಕೂಗಿದಳು.

ಆದರೆ ಅಂಥ ಮಾತು ಮುಚ್ಚಿಡಲಾಗುವುದಿಲ್ಲ. ಮರುವರ್ಷ ರಂಜಾನ್ ಹಬ್ಬಕ್ಕೆ ದೇವದುರ್ಗಕ್ಕೆ ಹೋದಾಗ ಮಹಮ್ಮದ್ ಹುಸೇನ್ ಅಣ್ಣನಿಗೆ ಎಲ್ಲವನ್ನೂ ಹೇಳಿಬಿಟ್ಟ. ಜಿಲಾನಿ ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ, ಅಂಗಳದ ಕಲ್ಲಿನ ಮೇಲೆ ಕೂತ.

"ಅಷ್ಟು ಮಂದ್ಯಾಗ ಕೈ ಎತ್ತಿದ್ಯಂತ?"

ಮುನವ್ವರ್ ತಲೆ ಆಡಿಸಿದಳು.

"ನನಗ ಅಲ್ಲಿ ಯಾರೂ ಇರಲಿಲ್ಲ ಮುನವ್ವರ್. ಆದ್ರೂ ಇರಬೇಕು ಅಂತ ಹಾಕಿದೆ. ಇಲ್ಲಿಗೆ ಬಂದರ ನಾನು ಯಾರು ಆಗ್ತೀನಿ ಅಂತ ತಿಳೀಲಿಲ್ಲ. ಈಗೂ ತಿಳಿದಿಲ್ಲ." ಅವನು ಬಗ್ಗಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. "ನಿನ್ನ ಬದುಕು ಹಾಳ ಮಾಡಿದೆ."

ಅವಳು ಅವನ ಪಕ್ಕ ಕೂತು ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ನೀವು ಬರಲಿಲ್ಲ ಅಂತ ಸಿಟ್ಟಿತ್ತು. ಬಂದ ಮ್ಯಾಲೆ ಸಿಟ್ಟು ಹೋತು. ಅದರ ಜಾಗಾದಾಗ ಏನೂ ಬರಲಿಲ್ಲ ನೋಡ್ರಿ." ಅವನಿಗೆ ಪೂರಾ ಕೇಳಿಸಿತು.

ಅವನು ಎರಡು ವರ್ಷದೊಳಗೆ ಮರಳಿ ಹೋಗದಿದ್ದರೆ ಅಲ್ಲಿ ಇರುವ ಹಕ್ಕು ತಪ್ಪುತ್ತಿತ್ತು. ಎಂಬತ್ತಮೂರರ ಬೇಸಿಗೆಯಲ್ಲಿ ರೇಡಿಯೋದಲ್ಲಿ ಮತ್ತೆ ಅದೇ ಮಾತು. ಅಲ್ಲಿ ಚುನಾವಣೆ ಬಂದಿತ್ತು. ಒಂದು ಪಕ್ಷ, ಗೆದ್ದರೆ ಒಕ್ಕೂಟ ಬಿಡಿಸುತ್ತೇವೆ ಎಂದು ಹೇಳುತ್ತಿತ್ತು. ಜಿಲಾನಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಒಬ್ಬನೇ ಕೂಡುತ್ತಿದ್ದ. ಹೋಗುತ್ತೇನೆ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ಊಟ ಕಡಿಮೆಯಾಯಿತು. ಮುನವ್ವರ್ ಎಲ್ಲವನ್ನೂ ನೋಡುತ್ತಿದ್ದಳು.

"ಹೋಗ್ರಿ," ಎಂದಳು ಒಂದು ದಿನ.

"ನೀನೂ ಬಾ. ಕಾಗದಪತ್ರ ಮಾಡಿಸ್ತೀನಿ. ಅಲ್ಲಿ ನಮ್ಮ ಹೈದರಾಬಾದಿನ ಮಂದಿ ಅದಾರ."

ಅವಳು ಕೂಡಲೇ ಬೇಡ ಎನ್ನಲಿಲ್ಲ. ಮರುದಿನ ಚೀಕಲಪರ್ವಿಯಲ್ಲಿ ಬಳೆ ಮಾರಿ, ತುಂಗಭದ್ರೆಯ ದಂಡೆಗೆ ಹೋಗಿ ಕೂತಳು. ಬೇಸಿಗೆಯ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಹೋದರೆ ಅಲ್ಲಿ ಅವನಿಗೆ ಅವಳ ಮಾತು ಕೇಳಿಸುವುದಿಲ್ಲ, ಅವಳಿಗೆ ಊರವರ ಮಾತು ತಿಳಿಯುವುದಿಲ್ಲ. ಇಲ್ಲಿ ಬಾಗಿಲು ತೆರೆದು ಬೂಬಮ್ಮ ಬಾ ಎನ್ನುವ ನಾಲ್ಕು ಮನೆಗಳಾದರೂ ಇದ್ದವು. ಸಂಜೆ ಮನೆಗೆ ಬಂದು, "ನಾನು ಒಲ್ಲೆ," ಎಂದಳು. ಕೂಗಿಯೇ ಹೇಳಿದಳು. ಓಣಿಗೆ ಕೇಳಿಸಿದರೆ ಕೇಳಿಸಲಿ ಎಂದು.

ರಾಯಚೂರಿನ ಸ್ಟೇಷನ್ನಿಗೆ ಅವಳೇ ಕಳಿಸಲು ಹೋದಳು. ಬೊಂಬಾಯಿಯ ಗಾಡಿ ಬಂತು. ಜಿಲಾನಿ ಕಿಟಕಿಯಿಂದ ಏನೋ ಹೇಳಿದ. ಗಾಡಿಯ ಸದ್ದಿನಲ್ಲಿ ಈ ಸಲ ಅವಳಿಗೆ ಕೇಳಿಸಲಿಲ್ಲ. ಕೇಳಿಸಿದವಳಂತೆ ತಲೆ ಆಡಿಸಿದಳು.

ಅವನು ಮತ್ತೆ ಬರಲಿಲ್ಲ. ಎಂಬತ್ತೆಂಟರ ಶ್ರಾವಣದಲ್ಲಿ ಬಾಗಲವಾಡದ ಅಂಬಮ್ಮನ ಮಗಳು ಬಸವಂತಮ್ಮನ ಕುಬಸ. ಚೊಚ್ಚಲ ಬಸುರಿಗೆ ಹಸಿರು ಬಳೆ ಇಡಿಸಲು ಮುನವ್ವರ್ ಬೆಳಗ್ಗೆಯೇ ಬಂದಿದ್ದಳು. ಎಡಗೈ ತುಂಬಿಸಿ ಬಲಗೈ ಹಿಡಿದಾಗ ತಲೆಬಾಗಿಲಲ್ಲಿ ಮಹಮ್ಮದ್ ಹುಸೇನ್ ಕಾಣಿಸಿದ. ದೇವದುರ್ಗದಿಂದ ಅವಳನ್ನು ಹುಡುಕಿಕೊಂಡು ಬಂದಿದ್ದ. ಒಳಗೆ ಬರಲಿಲ್ಲ.

"ಭಾಭಿ," ಎಂದ. "ಭಾಯಿ ಹೋದ. ತಾರು ಬಂದದ. ಅಲ್ಲೇ ಮಣ್ಣು ಮಾಡ್ಯಾರಂತ."

ಮನೆ ತುಂಬ ಮುತ್ತೈದೆಯರು. ಎಲ್ಲರ ಹಾಡು ನಿಂತಿತು. ಮುನವ್ವರ್ ಬಸವಂತಮ್ಮನ ಕೈ ಬಿಟ್ಟು, ಬಳೆಗಳನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದಳು. "ಮಾನ್ವಿಯಿಂದ ಬ್ಯಾರೆಯವರನ್ನ ಕರಸ್ರಿ ಅಂಬಮ್ಮಾ. ಇದು ಒಳ್ಳೇ ಕಾರ್ಯ. ನನ್ನ ಕೈಲಿ ಬ್ಯಾಡ."

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಹೌದು ಹೌದು ಎಂದು ಗೊಣಗಿದಳು. ಅಂಬಮ್ಮ ಆಕೆಯ ಕಡೆ ನೋಡಲಿಲ್ಲ. ಎದ್ದು ಬಂದು ಮುನವ್ವರಳ ಎರಡೂ ಭುಜ ಹಿಡಿದು ಮತ್ತೆ ಕೂಡಿಸಿದಳು.

"ಕುಂದ್ರು ಬೂಬಮ್ಮ. ಒಂದ ಕೈಗೆ ಇಟ್ಟು ಎದ್ದು ಹೋಗ್ತಾರೇನು? ಅಳೋದಿದ್ರ ಅಳು. ನನ್ನ ಮಗಳಿಗೆ ಬಳಿ ನೀನ ಇಡಬೇಕು."

ಬಸವಂತಮ್ಮ ತಾನಾಗಿಯೇ ಬಲಗೈ ಮುಂದೆ ಚಾಚಿದಳು. ಮುನವ್ವರ್ ಬೀ ಆ ಬೆರಳುಗಳನ್ನು ಮಡಿಸಿ, ಗೆಣ್ಣು ಒತ್ತಿ, ಒಂದೊಂದಾಗಿ ಬಳೆ ಏರಿಸಿದಳು. ಕಣ್ಣೀರು ಮಡಿಲಿಗೆ ಬೀಳುತ್ತಿತ್ತು. ಒಂದು ಬಳೆಯೂ ಒಡೆಯಲಿಲ್ಲ. ಆಮೇಲೆ ಮಲಾರವನ್ನು ಅಂಬಮ್ಮನ ಮನೆಯಲ್ಲೇ ಇಟ್ಟು, ಮೈದುನನೊಂದಿಗೆ ದೇವದುರ್ಗದ ಬಸ್ಸಿಗೆ ನಡೆದಳು.