ಕಿವಿಯ ಮೇಲಿನ ರೇಷ್ಮೆ ಚೂರು

ಬಡಗಿಗಳ ಕಿವಿಯ ಮೇಲೆ ಪೆನ್ಸಿಲ್ ಇರುವುದು ಎಲ್ಲರಿಗೂ ಗೊತ್ತು. ನಮ್ಮ ಎದುರುಮನೆ ಆಚಾರ್ರ ಕಿವಿಯ ಮೇಲೆ ಪೆನ್ಸಿಲ್ಲಿನ ಜೊತೆಗೆ ಬೆರಳಗಲದ ಕೆಂಪು ರೇಷ್ಮೆ ಚೂರೊಂದು ಸಿಕ್ಕಿಕೊಂಡಿರುತ್ತಿತ್ತು. ಮನೆಮನೆಯಲ್ಲೂ ಮಗ್ಗವಿರುವ ಮೊಳಕಾಲ್ಮೂರಲ್ಲಿ ಅಂಥ ಚೂರಿಗೇನೂ ಬರವಿಲ್ಲ. ಉಜ್ಜಿದ ಹಲಗೆಯ ಮೇಲೆ ಅದನ್ನು ಎಳೆಯುತ್ತಿದ್ದರು. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಮತ್ತೆ ಉಜ್ಜುತ್ತಿದ್ದರು. ಇದೆಲ್ಲ ಗಿರಾಕಿಗಳ ಮುಂದೆ ಮಾಡುವ ಶೋಕಿ ಎಂದು ನಾನು ಆಡಿಕೊಳ್ಳುತ್ತಿದ್ದೆ.

ನಮ್ಮವ್ವ ನೇಯ್ದ ಸೀರೆ ಮಡಿಸಲು ಒಂದು ಮೇಜು ಬೇಕಾಗಿತ್ತು. ಆಚಾರ್ರು ಬೇವಿನ ಹಲಗೆ ಜೋಡಿಸಿ ಉಜ್ಜುತ್ತಿದ್ದಾಗ ಟೀ ತೆಗೆದುಕೊಂಡು ಹೋದೆ. ಹಲಗೆಯ ಮೇಲೆ ಉದ್ದಕ್ಕೂ ಕೆಂಪು ಗೆರೆ.

“ಆಚಾರ್ರೇ, ರಕ್ತ!”

“ಎಲ್ಲಿ?” ಎಂದು ಅವರು ಹಲಗೆ ನೋಡಿದರು, ಕೈ ನೋಡಿಕೊಳ್ಳಲಿಲ್ಲ. ತೋರುಬೆರಳಲ್ಲಿ ಇಷ್ಟುದ್ದದ ಸಿಬಿರು ನಟ್ಟಿತ್ತು.

“ಬೆರಳಿಗೆ ಏನೂ ತಿಳಿಯಲ್ಲ ಅಮ್ಮಾಯಿ, ಎರಡು ವರ್ಷ ಆತು. ಶುಗರ್ ಐತಲ್ಲ. ಈ ಚೂರು ಸಿಕ್ಕಂಡ್ರೆ ಕಣ್ಣಿಗಾದ್ರೂ ಕಾಣ್ತೈತೆ. ಯಾರ್ಗೂ ಹೇಳ್ಬ್ಯಾಡ. ಕೈ ಹೋದ ಬಡಗಿ ತಾವ ಯಾರು ಬರ್ತಾರೆ?”

ಹೇಳುವುದಿಲ್ಲ ಎಂದೆ. ಅಂದಿನಿಂದ ಅವರು ಕರೆದಾಗಲೆಲ್ಲ ಹೋಗಿ ಹಲಗೆಯ ಮೇಲೆ ಕೈಯಾಡಿಸಿ, “ಈ ಮೂಲೆ ತರಿ ಐತ್ರಿ” ಎನ್ನುತ್ತಿದ್ದೆ. ತಗಾದೆಯಿಲ್ಲದೆ ಉಜ್ಜುತ್ತಿದ್ದರು.

ಪಾಲಿಶ್ ಹೊಡೆಯುವ ದಿನ ಅಂಗಳಕ್ಕೆ ನೀರು ಚಿಮುಕಿಸಿದರು. ಓಣಿಯಲ್ಲಿ ಯಾರೂ ಕಸ ಗುಡಿಸಬಾರದೆಂದು ತಾಕೀತಾಯಿತು. ಗಾಳಿ ನಿಂತಾಗ ಸ್ಪ್ರೇ ಗನ್ನು ಹಿಡಿದು, ಉಸಿರು ಬಿಗಿಹಿಡಿದು, ಈ ಅಂಚಿನಿಂದ ಆ ಅಂಚಿಗೆ ನಡೆದರು. ಪಾಲಿಶ್‌ಗೆ ಬಣ್ಣವಿರಲಿಲ್ಲ. ಬೇವಿನ ಗೆರೆಗಳು ಮಾತ್ರ ಎದ್ದು ಬಂದವು. ಒಣಗಿದ ಮೇಲೆ ನಮ್ಮವ್ವ ಸೀರೆ ಹಾಸಿದರೆ ಅದು ಸರ್ರನೆ ಜಾರಿ ನೆಲಕ್ಕೆ ಬಿತ್ತು. ಅವ್ವ ಬೈದಳು. ಆಚಾರ್ರು ಬಹುಮಾನ ಬಂದವರಂತೆ ನಕ್ಕರು.

ಮರುವರ್ಷ ಚಪ್ಪಲಿ ತೂರಿ ಬಂದ ಮೊಳೆಯೊಂದು ಅವರ ಅಂಗಾಲಿಗೆ ಹೊಕ್ಕಿತು. ಅದರ ಮೇಲೇ ದಿನವಿಡೀ ಓಡಾಡಿದ್ದರು. ಕಾಲಿಗೂ ಅರಿವು ಹೋಗಿತ್ತು. ಮನೆಯವರಿಗೆ ತಿಳಿಯುವಷ್ಟರಲ್ಲಿ ಗಾಯ ಕೊಳೆತಿತ್ತು. ಬೆರಳಿನ ಸಂಗತಿಯನ್ನು ಮೊದಲೇ ಅವರ ಹೆಂಡತಿಯ ಕಿವಿಗೆ ಹಾಕಿದ್ದರೆ ಕಾಲನ್ನಾದರೂ ನೋಡಿಕೊಳ್ಳುತ್ತಿದ್ದರೇನೋ. ನಾನೋ, ಕೊಟ್ಟ ಮಾತು ಉಳಿಸಿಕೊಂಡು ಕೂತಿದ್ದೆ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಅವರು ತೀರಿಕೊಳ್ಳುವ ಮೂರು ದಿನ ಮೊದಲು ಚಳ್ಳಕೆರೆಯ ಆಸ್ಪತ್ರೆಗೆ ಹೋಗಿದ್ದೆ. ಮಂಡಿಯವರೆಗೆ ಕಾಲು ತೆಗೆದಿದ್ದರು. ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯಿರಬಹುದೆಂದು ಮಾತಾಡಿಸಲಿಲ್ಲ. ಮಂಚದ ಪಕ್ಕ ಕೂತು ಅವರ ಬಲಗೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಒಂದೊಂದೇ ಬೆರಳನ್ನು ಒತ್ತಿದೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಕಣ್ಣು ತೆರೆಯದೆಯೇ ಕಾಲದೆಸೆಯಲ್ಲಿ ಕೂತಿದ್ದ ಹೆಂಡತಿಯನ್ನು ಕೇಳಿದರು:

“ಎದುರುಮನೆ ಅಮ್ಮಾಯಿ ಇನ್ನೂ ಬರ್ಲಿಲ್ಲೇನು?”